ಜ್ವರ ಬಿಟ್ಟರೂ ನರಗಳ ಕಾಟ ಬಿಡದಾಗ: ಕೋವಿಡ್ ಮತ್ತು ನರಮಂಡಲ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆ. ವಯಸ್ಸು 44. ನಾಲ್ಕು ತಿಂಗಳ ಹಿಂದೆ ಜ್ವರ, ಕೆಮ್ಮು ಬಂದಾಗ ಪರೀಕ್ಷೆ ಮಾಡಿಸಿದೆ, ಕೋವಿಡ್ ಇತ್ತು. ಆಕ್ಸಿಜನ್ 97ರಿಂದ ಕೆಳಗಿಳಿಯಲಿಲ್ಲ, ಮನೆಯಲ್ಲೇ ಗುಣವಾಯಿತು. ಆಗ ಹೋದ ವಾಸನೆ ಈಗ ಕೆಟ್ಟುಹೋಗಿ ಮರಳಿದೆ. ಕಾಫಿ, ಬೆಳ್ಳುಳ್ಳಿ ಒಗ್ಗರಣೆ ಎರಡೂ ಸುಟ್ಟ ರಬ್ಬರಿನ ಹಾಗೆ. ಪಾಠ ಮಾಡುವಾಗ ಗೊತ್ತಿರುವ ಶಬ್ದವೇ ಬಾಯಿಗೆ ಬರುವುದಿಲ್ಲ. ಎದ್ದು ನಿಂತರೆ ಎದೆ ಡಬಡಬ. ಪಾದಗಳಲ್ಲಿ ಜೋಮು. ಅತ್ತೆ ‘ನರ ದೌರ್ಬಲ್ಯ’ ಅನ್ನುತ್ತಾರೆ, ಔಷಧದಂಗಡಿಯವರು ನರದ ಮಾತ್ರೆ ಕೊಟ್ಟಿದ್ದಾರೆ. ಶ್ವಾಸಕೋಶಕ್ಕೆ ಬಂದ ವೈರಸ್ ಮಿದುಳಿಗೆ ಏರಿತೇ? ಇದು ಶಾಶ್ವತವೇ? ಎಂಆರ್‌ಐ ಮಾಡಿಸಲೇ?

ಉತ್ತರ: ನಿಮ್ಮ ಮಿದುಳಿನಲ್ಲಿ ವೈರಸ್ ಕೂತು ಬೆಳೆಯುತ್ತಿರುವ ಸಾಧ್ಯತೆ ತೀರಾ ಕಡಿಮೆ. ನೀವು ಹೇಳಿದ ನಾಲ್ಕು ತೊಂದರೆಗಳೂ ಒಂದೇ ಕಾಯಿಲೆಯ ನಾಲ್ಕು ಮುಖಗಳಾಗಿರಬೇಕೆಂದೇನಿಲ್ಲ. ನರಮಂಡಲವನ್ನು ಈ ಸೋಂಕು ಬೇರೆ ಬೇರೆ ದಾರಿಗಳಲ್ಲಿ ಕೆಡಿಸುತ್ತದೆ. ಒಂದೊಂದಕ್ಕೂ ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ, ಗುಣವಾಗುವ ವೇಗವೂ ಬೇರೆ. ಎಲ್ಲವನ್ನೂ ‘ನರ ದೌರ್ಬಲ್ಯ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಸುಲಭವಾಗಿ ವಾಸಿಯಾಗುವುದೂ ಕೈತಪ್ಪುತ್ತದೆ. ಎಂಆರ್‌ಐ ಈಗ ಬೇಡ. ಯಾವಾಗ ಬೇಕಾಗುತ್ತದೆ ಎಂಬುದು ಮುಂದೆ ಇದೆ.

ಮೊದಲು ವೈರಸ್ ಮಾಡುವ ಕೆಲಸ ನೋಡೋಣ. ಅದರ ಮೈಮೇಲಿನ ಸ್ಪೈಕ್ ಪ್ರೋಟೀನು ನಮ್ಮ ಜೀವಕೋಶದ ಮೇಲ್ಮೈಯಲ್ಲಿರುವ ಎಸಿಇ2 ಎಂಬ ಗ್ರಾಹಕಕ್ಕೆ, ಅಂದರೆ ಹೊರಗಿನ ಅಣುಗಳನ್ನು ಹಿಡಿಯುವ ಪ್ರೋಟೀನಿಗೆ, ಅಂಟಿಕೊಳ್ಳುತ್ತದೆ. ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ ಆ ಸ್ಪೈಕನ್ನು ಕತ್ತರಿಸಿಕೊಟ್ಟ ಮೇಲೆ ಒಳಗೆ ಹೋಗುತ್ತದೆ. ಮೂಗು, ಶ್ವಾಸನಾಳ, ಶ್ವಾಸಕೋಶ, ಕರುಳು, ರಕ್ತನಾಳದ ಗೋಡೆಯ ಕೆಲವು ಕೋಶಗಳು ಇವೆಲ್ಲದರಲ್ಲಿ ಈ ಗ್ರಾಹಕ ಉಂಟು. ಮಿದುಳಿನ ನರಕೋಶಗಳಲ್ಲಿ ಬಹಳ ಕಡಿಮೆ. ನರಗಳಿಗೇ ನುಗ್ಗುವ ಕೊರೊನಾ ವೈರಸ್‌ಗಳು ಪ್ರಾಣಿಗಳಲ್ಲಿ ಇಲ್ಲವೆಂದಲ್ಲ. ಹಂದಿಮರಿಗಳ ಮಿದುಳಿಗೆ ಏರುವ ಒಂದು ತಳಿ ಇದೆ, ಇಲಿಗಳ ನರದ ಎಳೆಗಳ ಸುತ್ತ ಇರುವ ಮೈಲಿನ್ ಎಂಬ ಹೊದಿಕೆಯನ್ನು ಕಿತ್ತುಹಾಕುವ ಇನ್ನೊಂದಿದೆ. ಮನುಷ್ಯರಲ್ಲಿ ನೆಗಡಿ ತರುವ ಓಸಿ43 ಕೂಡ ರೋಗನಿರೋಧಕ ಶಕ್ತಿಯೇ ಇಲ್ಲದ ಮಕ್ಕಳ ಮಿದುಳಿನಲ್ಲಿ ಅಪರೂಪಕ್ಕೆ ಸಿಕ್ಕಿದೆ. ಹಾಗಾಗಿ ಕೋವಿಡ್ ವೈರಸ್ಸೂ ಮೂಗಿನ ನರ ಹಿಡಿದು ಮಿದುಳಿಗೆ ಏರುತ್ತದೆ ಎಂಬ ಅನುಮಾನ 2020ರಲ್ಲಿ ಬಲವಾಗಿತ್ತು. ವೂಹಾನಿನ ಆಸ್ಪತ್ರೆಗಳಲ್ಲಿದ್ದ 214 ರೋಗಿಗಳಲ್ಲಿ ಶೇ. 36 ಮಂದಿಗೆ ನರಸಂಬಂಧಿ ಲಕ್ಷಣಗಳಿವೆ ಎಂಬ ವರದಿ ಆ ವರ್ಷದ ಏಪ್ರಿಲಿನಲ್ಲೇ ಬಂತು.

ಆಮೇಲಿನ ಶವಪರೀಕ್ಷೆಗಳು ಬೇರೆ ಚಿತ್ರ ಕೊಟ್ಟವು. ತೀವ್ರ ಕಾಯಿಲೆಯಲ್ಲಿ ತೀರಿಹೋದವರ ಮಿದುಳಿನಲ್ಲಿ ವೈರಸ್ಸಿನ ವಂಶದ್ರವ್ಯವಾದ ಆರ್‌ಎನ್‌ಎ ಸಿಕ್ಕಿದ್ದುಂಟು. ಅಮೆರಿಕದಲ್ಲಿ 44 ದೇಹಗಳ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಸಿಕ್ಕಿತು. ಆದರೆ ಸಿಕ್ಕಿದ ಜಾಗಕ್ಕೂ ಹಾನಿಯಾದ ಜಾಗಕ್ಕೂ ಸರಿಯಾಗಿ ತಾಳೆಯಾಗುವುದಿಲ್ಲ. ಹಾನಿ ಹೆಚ್ಚಾಗಿ ಕಾಣುವುದು ಸಣ್ಣ ರಕ್ತನಾಳಗಳ ಸುತ್ತ. ನಾಳದ ಗೋಡೆ ಸೋರಿ ಫೈಬ್ರಿನೊಜೆನ್‌ನಂಥ ಹೆಪ್ಪುಗಟ್ಟುವ ಪ್ರೋಟೀನು ಹೊರಬಂದಿರುತ್ತದೆ, ಮಿದುಳಿನ ಕಾವಲುಕೋಶಗಳಾದ ಮೈಕ್ರೋಗ್ಲಿಯಾ ಕೆರಳಿ ಗುಂಪುಗೂಡಿರುತ್ತವೆ, ಆಮ್ಲಜನಕದ ಕೊರತೆಯ ಗುರುತುಗಳಿರುತ್ತವೆ. ಅಂದರೆ ಹೆಚ್ಚಿನವರಲ್ಲಿ ಮಿದುಳಿಗೆ ತಲುಪುವುದು ವೈರಸ್ ಅಲ್ಲ, ಅದು ಬೇರೆಡೆ ಹೊತ್ತಿಸಿದ ಉರಿಯೂತ ಮತ್ತು ಅದು ಕೆಡಿಸಿದ ರಕ್ತನಾಳ. ನಿಮ್ಮಂಥವರಿಗೆ ಧೈರ್ಯ ಕೊಡುವ ವಿಷಯ ಇದೇ. ನರಕೋಶ ಸತ್ತರೆ ಮರಳಿ ಬರುವುದು ಕಷ್ಟ, ಕೆರಳಿದ್ದು ತಣಿಯಬಹುದು.

ಈಗ ಮೂಗು. ಇಲ್ಲಿ ನಡೆದದ್ದು ಸ್ಪಷ್ಟವಾಗಿ ಗೊತ್ತಿದೆ. ಮೂಗಿನ ಚಾವಣಿಯಲ್ಲಿ ಅಂಚೆ ಚೀಟಿಯಷ್ಟು ಜಾಗದಲ್ಲಿ ವಾಸನೆಯ ನರಕೋಶಗಳಿವೆ. ಅವುಗಳನ್ನು ಎತ್ತಿ ಹಿಡಿದು ಪೋಷಿಸುವ ಆಸರೆ ಕೋಶಗಳು ನಡುನಡುವೆ ಇವೆ. ಎಸಿಇ2 ಇರುವುದು ಆಸರೆ ಕೋಶಗಳಲ್ಲಿ, ನರಕೋಶಗಳಲ್ಲಲ್ಲ. ವೈರಸ್ ಆಸರೆ ಕೋಶಗಳನ್ನು ಕೊಲ್ಲುತ್ತದೆ. ಅಡಿಕೆ ಮರ ಉರುಳಿದರೆ ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ರೋಗವಿಲ್ಲದೆಯೂ ನೆಲ ಹಿಡಿಯುವ ಹಾಗೆ, ನರಕೋಶಗಳು ಸೋಂಕಿಲ್ಲದೆಯೇ ತಮ್ಮ ಸೂಕ್ಷ್ಮ ರೋಮಗಳನ್ನು ಕಳೆದುಕೊಂಡು ಸುಮ್ಮನಾಗುತ್ತವೆ. ಆಸರೆ ಕೋಶಗಳು ಬೇಗ ಮರುಹುಟ್ಟುವುದರಿಂದ ಬಹುಪಾಲು ಜನರಿಗೆ ವಾಸನೆ ವಾರಗಳಲ್ಲೇ ಮರಳಿತು. ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2022ರಲ್ಲಿ ಲೆಕ್ಕ ಹಾಕಿದಾಗ, 30 ದಿನದಲ್ಲಿ ಶೇ. 74 ಮಂದಿಗೆ, 180 ದಿನದಲ್ಲಿ ಸುಮಾರು ಶೇ. 96 ಮಂದಿಗೆ ವಾಸನೆ ವಾಪಸಾಗಿತ್ತು. ಒಮಿಕ್ರಾನ್ ನಂತರದ ತಳಿಗಳಲ್ಲಿ ವಾಸನೆ ಹೋಗುವುದೇ ಮೊದಲಿಗಿಂತ ಕಡಿಮೆ.

ಕೆಲವರಲ್ಲಿ ನರಕೋಶಗಳೂ ನಾಶವಾಗಿ ಬುಡದ ಕಾಂಡಕೋಶಗಳಿಂದ ಹೊಸದಾಗಿ ಹುಟ್ಟಬೇಕಾಗುತ್ತದೆ. ಹೊಸ ನರದ ಎಳೆಗಳು ಮಿದುಳಿನಲ್ಲಿ ವಾಸನೆಯ ಸಂಕೇತ ಪಡೆಯುವ ಭಾಗವಾದ ಘ್ರಾಣಕಂದಕ್ಕೆ ಹೋಗಿ ಸರಿಯಾದ ಜಾಗ ಹಿಡಿಯುವ ತನಕ ಸಂಕೇತ ಅರೆಬರೆಯಾಗಿರುತ್ತದೆ. ಒಂದು ಪರಿಮಳಕ್ಕೆ ಹತ್ತಾರು ಬಗೆಯ ಗ್ರಾಹಕಗಳು ಒಟ್ಟಿಗೆ ಸ್ಪಂದಿಸಬೇಕಾದಲ್ಲಿ ಕೆಲವೇ ಸ್ಪಂದಿಸಿದರೆ ಮಿದುಳಿಗೆ ಅದು ಬೇರೇನೋ ಆಗಿ ಕೇಳಿಸುತ್ತದೆ. ನಿಮ್ಮ ಕಾಫಿಯ ಕಥೆ ಇದು. ಕಾಫಿ ಹುರಿದಾಗ ಹುಟ್ಟುವ ಗಂಧಕಯುಕ್ತ ಅಣುಗಳು ಅತಿ ಸಣ್ಣ ಪ್ರಮಾಣದಲ್ಲೇ ಮೂಗಿಗೆ ತಾಗುವಂಥವು. ವಾಸನೆ ತಿರುಚಿದವರಲ್ಲಿ ಹೇಸಿಗೆ ಎಬ್ಬಿಸುವವು ಮುಖ್ಯವಾಗಿ ಅವೇ ಎಂದು ಬ್ರಿಟನ್ನಿನ ರೆಡಿಂಗ್‌ನಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಬೆಳ್ಳುಳ್ಳಿ, ಈರುಳ್ಳಿ, ಕೋಳಿ, ಮೊಟ್ಟೆ, ಹುರಿದ ಕರಿದ ಪದಾರ್ಥಗಳಲ್ಲೂ ಅದೇ ಬಗೆಯ ಅಣುಗಳು. ಏನೂ ಗೊತ್ತಾಗದೆ ಇದ್ದದ್ದು ತಪ್ಪಾಗಿಯಾದರೂ ಗೊತ್ತಾಗತೊಡಗಿದರೆ ಮೂಗಿನಲ್ಲಿ ಮರುಜೋಡಣೆ ನಡೆದಿದೆ ಎಂದೇ ಅರ್ಥ. ಕೆಟ್ಟ ಲಕ್ಷಣವಲ್ಲ.

ಇದಕ್ಕೆ ಸಾಕ್ಷ್ಯವಿರುವ ಉಪಾಯ ವಾಸನೆಯ ತಾಲೀಮು. ಜರ್ಮನಿಯ ಥಾಮಸ್ ಹಮ್ಮೆಲ್ ಅವರ ತಂಡ 2009ರಲ್ಲಿ ಗುಲಾಬಿ, ನೀಲಗಿರಿ, ಲಿಂಬೆ, ಲವಂಗ ಈ ನಾಲ್ಕು ಪರಿಮಳಗಳಿಂದ ಮಾಡಿ ತೋರಿಸಿದ್ದು. ನಾಲ್ಕೂ ಊರಿನಲ್ಲೇ ಸಿಗುತ್ತವೆ. ಮುಚ್ಚಳವಿರುವ ನಾಲ್ಕು ಸಣ್ಣ ಗಾಜಿನ ಶೀಶೆ ತೆಗೆದುಕೊಳ್ಳಿ. ಒಂದೊಂದರಲ್ಲಿ ಹತ್ತಿಯುಂಡೆ ಇಟ್ಟು, ಒಂದಕ್ಕೆ ನೀಲಗಿರಿ ಎಣ್ಣೆ, ಇನ್ನೊಂದಕ್ಕೆ ಲವಂಗದ ಎಣ್ಣೆ ಮೂರು ನಾಲ್ಕು ಹನಿ ಹಾಕಿ. ಲಿಂಬೆಗೂ ಗುಲಾಬಿಗೂ ಎಣ್ಣೆ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಲಿಂಬೆ ಸಿಪ್ಪೆಯನ್ನು ಆಗಲೇ ಹೆರೆದು ಹಾಕಿ, ದಿನವೂ ಬದಲಿಸಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಒಂದೊಂದು ಶೀಶೆಯನ್ನು ಹದಿನೈದು ಇಪ್ಪತ್ತು ಸೆಕೆಂಡು ಮೂಗಿನ ಹತ್ತಿರ ಹಿಡಿದು ಮೆಲ್ಲಗೆ, ಸಣ್ಣ ಸಣ್ಣ ಉಸಿರಿನಲ್ಲಿ ಮೂಸಿ. ದೀರ್ಘವಾಗಿ ಎಳೆದರೆ ಗಾಳಿ ಗಂಟಲಿಗೆ ಹೋಗುತ್ತದೆಯೇ ಹೊರತು ಚಾವಣಿಗೆ ತಾಗುವುದಿಲ್ಲ. ಮೂಸುವಾಗ ಆ ಪರಿಮಳ ಹಿಂದೆ ಹೇಗಿತ್ತೆಂದು ನೆನಪಿಸಿಕೊಳ್ಳಿ. ಎರಡು ಶೀಶೆಗಳ ನಡುವೆ ಅರ್ಧ ನಿಮಿಷ ಬಿಡುವು ಇರಲಿ. ಕನಿಷ್ಠ 12 ವಾರ, ಸಾಧ್ಯವಿದ್ದರೆ ಆರು ತಿಂಗಳು. ಜನ ಸೋಲುವುದು ಎರಡನೇ ಮೂರನೇ ವಾರದಲ್ಲಿ, ಏನೂ ಆಗುತ್ತಿಲ್ಲ ಎಂದು ಶೀಶೆ ಮೂಲೆಗಿಡುತ್ತಾರೆ. ಹೊಸ ನರಕೋಶ ಬೆಳೆದು ಜೋಡಣೆಯಾಗಲು ತಿಂಗಳುಗಳೇ ಬೇಕು. ಲವಂಗ ಹೇಸಿಗೆ ತರಿಸಿದರೆ ಅದನ್ನು ಬಿಟ್ಟು ಏಲಕ್ಕಿ ಇಡಿ.

ಕರ್ಪೂರ, ನಶ್ಯ, ಉರಿಯುವ ಎಣ್ಣೆ ಮೂಗಿಗೆ ಬಿಡುವುದು ಬೇಡ. ಅದು ತಾಗುವುದು ಮುಖದ ಸ್ಪರ್ಶನರಕ್ಕೆ, ವಾಸನೆಯ ನರಕ್ಕಲ್ಲ. ಊಟಕ್ಕೆ ಸದ್ಯ ಬಿಸಿ ಆರಿದ ಪದಾರ್ಥ ಒಳ್ಳೆಯದು, ಆವಿ ಕಡಿಮೆಯಿದ್ದಷ್ಟೂ ದುರ್ವಾಸನೆ ಕಡಿಮೆ. ಕುಚ್ಚಲಕ್ಕಿ ಗಂಜಿ, ಮೊಸರನ್ನ, ಒಗ್ಗರಣೆಯಿಲ್ಲದ ತಂಬುಳಿ ಹೆಚ್ಚಿನವರಿಗೆ ಹೊಂದುತ್ತವೆ. ಗ್ಯಾಸ್ ಸೋರಿಕೆ, ಹಳಸಿದ ಮೀನು, ಅಡಿ ಹಿಡಿದ ಪಾತ್ರೆ ಇವು ನಿಮ್ಮ ಮೂಗಿಗೆ ಈಗ ಗೊತ್ತಾಗಲಿಕ್ಕಿಲ್ಲ. ರಾತ್ರಿ ಮಲಗುವ ಮೊದಲು ರೆಗ್ಯುಲೇಟರ್ ಮುಚ್ಚಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವ ರೂಢಿ ಮಾಡಿಕೊಳ್ಳಿ.

ಎರಡನೆಯದು, ಶಬ್ದ ಸಿಗದಿರುವುದು. ಶ್ವಾಸಕೋಶ ಬಿಟ್ಟು ಬೇರೆಲ್ಲೂ ಹೋಗದ ಲಘು ಸೋಂಕು ಮಿದುಳನ್ನು ಹೇಗೆ ತಟ್ಟುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ 2022ರ ಒಂದು ಪ್ರಯೋಗದಲ್ಲಿದೆ. ಸ್ಟ್ಯಾನ್‌ಫರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳವರು ಇಲಿಗಳ ಶ್ವಾಸನಾಳಕ್ಕೆ ಮಾತ್ರ ಸೋಂಕು ತಗಲುವಂತೆ ಮಾಡಿದರು. ಮಿದುಳಿನಲ್ಲಿ ವೈರಸ್ ಇರಲಿಲ್ಲ. ಆದರೂ ಸಿಸಿಎಲ್11 ಎಂಬ ಉರಿಯೂತದ ಸಂಕೇತದ್ರವ್ಯ ಏರಿತ್ತು. ಮಿದುಳಿನ ಬಿಳಿಭಾಗದ ಮೈಕ್ರೋಗ್ಲಿಯಾ ವಾರಗಳ ಕಾಲ ಕೆರಳಿಯೇ ಇದ್ದವು. ನರದ ಎಳೆಗಳಿಗೆ ಮೈಲಿನ್ ಹೊದಿಸುವ ಕೋಶಗಳು ಕಡಿಮೆಯಾಗಿದ್ದವು, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಹುಟ್ಟುವುದು ತಗ್ಗಿತ್ತು. ಮೈಲಿನ್ ತೆಳುವಾದರೆ ಸಂಕೇತ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ನೀವು ಹೇಳುವುದೂ ಅದನ್ನೇ: ಶಬ್ದ ಮರೆತಿಲ್ಲ, ಬರುವುದು ತಡ.

ಮನುಷ್ಯರಲ್ಲಿ, ಯುಕೆ ಬಯೋಬ್ಯಾಂಕ್ ಎಂಬ ಬ್ರಿಟನ್ನಿನ ದೊಡ್ಡ ಆರೋಗ್ಯ ಅಧ್ಯಯನದ 785 ಮಂದಿಗೆ ಎರಡು ಸಲ ಮಾಡಿದ ಎಂಆರ್‌ಐಗಳನ್ನು ಹೋಲಿಸಲಾಗಿತ್ತು. ಅವರಲ್ಲಿ 401 ಮಂದಿಗೆ ನಡುವೆ ಕೋವಿಡ್ ಬಂದಿತ್ತು, ಹೆಚ್ಚಿನವರದ್ದು ಲಘು ಕಾಯಿಲೆ. ವಾಸನೆಗೂ ನೆನಪಿಗೂ ಸಂಬಂಧಿಸಿದ ಕೆಲವು ಭಾಗಗಳಲ್ಲಿ ಸೋಂಕಿತರಿಗೆ ಸರಾಸರಿ ಶೇ. 0.2ರಿಂದ 2ರಷ್ಟು ಹೆಚ್ಚುವರಿ ಇಳಿಕೆ ಕಂಡಿತು. ಈ ಸುದ್ದಿ ‘ಕೋವಿಡ್‌ನಿಂದ ಮಿದುಳು ಕುಗ್ಗುತ್ತದೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಊರೆಲ್ಲ ಸುತ್ತಿ ಜನರನ್ನು ಹೆದರಿಸಿದೆ. ಅದು ನೂರಾರು ಜನರ ಸರಾಸರಿಯಲ್ಲಿ ಮಾತ್ರ ಕಾಣುವ ವ್ಯತ್ಯಾಸ, 51ರಿಂದ 81 ವರ್ಷದವರದ್ದು. ಒಬ್ಬರ ಒಂದು ಎಂಆರ್‌ಐ ನೋಡಿ ಯಾವ ವೈದ್ಯರೂ ಅದನ್ನು ಗುರುತಿಸಲಾರರು. ನಿಮಗೆ ಎಂಆರ್‌ಐ ಬೇಡ ಎನ್ನಲು ಕಾರಣ ಇದು. ನಾರ್ಮಲ್ ಎಂದು ಬರುತ್ತದೆ, ‘ಹಾಗಾದರೆ ಎಲ್ಲ ಮನಸ್ಸಿನದ್ದು’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಆ ತೀರ್ಮಾನ ತಪ್ಪು, ಅನ್ಯಾಯವೂ ಹೌದು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು 2024ರಲ್ಲಿ ಬಣ್ಣದ್ರವ್ಯ ಕೊಟ್ಟು ಮಾಡಿದ ವಿಶೇಷ ಎಂಆರ್‌ಐಯಲ್ಲಿ, ಮಂಪರು ಕವಿದಂತಾದವರ ಮಿದುಳಿನ ರಕ್ತನಾಳಗಳ ತಡೆಗೋಡೆ ಸೋರುತ್ತಿರುವುದು ಕಂಡಿದೆ. ಸಾಮಾನ್ಯ ಸ್ಕ್ಯಾನಿನಲ್ಲಿ ಅದು ಕಾಣುವುದಿಲ್ಲ.

ಸ್ಕ್ಯಾನಿಗಿಂತ ನೆನಪು ಮತ್ತು ಗಮನದ ಪರೀಕ್ಷೆ ನಿಮಗೆ ಹೆಚ್ಚು ಉಪಯುಕ್ತ. ಇಲ್ಲಿ ಕಾಸರಗೋಡಿನವರು ಎಚ್ಚರ ವಹಿಸಬೇಕಾದ ವಿಷಯವೊಂದಿದೆ. ಈ ಪರೀಕ್ಷೆಗಳಲ್ಲಿ ‘ಒಂದು ನಿಮಿಷದಲ್ಲಿ ಇಂಥ ಅಕ್ಷರದಿಂದ ಶುರುವಾಗುವ ಶಬ್ದಗಳನ್ನು ಹೇಳಿ’, ‘ಪ್ರಾಣಿಗಳ ಹೆಸರು ಹೇಳಿ’, ‘ಈ ಐದು ಶಬ್ದ ನೆನಪಿಟ್ಟು ಐದು ನಿಮಿಷದ ಮೇಲೆ ಹೇಳಿ’ ಎಂಬ ಭಾಗಗಳಿರುತ್ತವೆ. ಮನೆಯಲ್ಲಿ ತುಳುವೋ ಹವಿಗನ್ನಡವೋ ಮರಾಠಿಯೋ ಮಾತಾಡಿ, ಕನ್ನಡದಲ್ಲಿ ಓದಿ, ಪೇಟೆಯಲ್ಲಿ ಮಲಯಾಳ ಬಳಸುವವರನ್ನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಪರೀಕ್ಷಿಸಿದರೆ ಅಂಕ ತಾನಾಗಿ ಇಳಿಯುತ್ತದೆ. ಅದು ಭಾಷೆಯ ಇಳಿಕೆ, ಮಿದುಳಿನದ್ದಲ್ಲ. ನಿಮಗೆ ಪರೀಕ್ಷೆ ಕನ್ನಡದಲ್ಲಿ ಬೇಕೆಂದು ಮೊದಲೇ ಹೇಳಿ. ಕನ್ನಡದ ರೂಪಾಂತರಗಳು ಇವೆ. ಮಂಗಳೂರಿನ ಕಡೆ ಹೋಗುವುದಾದರೆ ಕನ್ನಡದಲ್ಲಿ ಪರೀಕ್ಷಿಸುವವರು ಸಿಗುವುದು ಸುಲಭ. ಆರು ತಿಂಗಳ ಬಳಿಕ ಮತ್ತೆ ಮಾಡುವಾಗಲೂ ಅದೇ ಭಾಷೆ ಇರಲಿ, ಇಲ್ಲದಿದ್ದರೆ ಹೋಲಿಸಿ ಪ್ರಯೋಜನವಿಲ್ಲ.

ಮೂರನೆಯದು ಎದೆಬಡಿತ. ಇದನ್ನು ಮನೆಯಲ್ಲೇ ಅಳೆಯಬಹುದು, ನಿಮ್ಮ ನಾಲ್ಕು ದೂರುಗಳಲ್ಲಿ ಚಿಕಿತ್ಸೆಗೆ ಬೇಗ ಬಗ್ಗುವುದೂ ಬಹುಶಃ ಇದೇ. ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ ಕಾಲುಗಳಿಗೆ ಇಳಿಯುತ್ತದೆ. ಸ್ವನಿಯಂತ್ರಿತ ನರಗಳು ತಕ್ಷಣ ರಕ್ತನಾಳಗಳನ್ನು ಬಿಗಿದು ಅದನ್ನು ಮೇಲೆ ತಳ್ಳಬೇಕು. ಸೋಂಕಿನ ನಂತರ ಕೆಲವರಲ್ಲಿ ಆ ಬಿಗಿತ ಸಡಿಲವಾಗಿ, ಹೃದಯವೇ ಓಡಿ ಸರಿದೂಗಿಸಬೇಕಾಗುತ್ತದೆ. ಇದಕ್ಕೆ ಪಾಟ್ಸ್ ಎಂದು ಹೆಸರು.

ಅಳೆಯುವ ಕ್ರಮ ಹೀಗೆ. ಬೆಳಗ್ಗೆ ಕಾಫಿ ತಿಂಡಿಗೆ ಮೊದಲು. ಹತ್ತು ನಿಮಿಷ ಅಂಗಾತ ಮಲಗಿ, ಮಾತು ಬೇಡ, ಮೊಬೈಲು ಬೇಡ. ಮಲಗಿದಲ್ಲೇ ತೋಳಿನ ಬಿಪಿ ಯಂತ್ರದಲ್ಲಿ ಎರಡು ಸಲ ಬಿಪಿ ಮತ್ತು ನಾಡಿ ಬರೆದುಕೊಳ್ಳಿ. ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ ಗೋಡೆಯಿಂದ ಅರ್ಧ ಅಡಿ ಮುಂದೆ, ಹೆಗಲು ಮಾತ್ರ ಗೋಡೆಗೆ. ಕಾಲು ಅಲ್ಲಾಡಿಸಬೇಡಿ, ಮೀನಖಂಡ ಕುಲುಕಿದರೆ ರಕ್ತ ಮೇಲೇರಿ ಲೆಕ್ಕ ತಪ್ಪುತ್ತದೆ. ಹತ್ತು ನಿಮಿಷ, ನಿಮಿಷಕ್ಕೊಮ್ಮೆ ಬರೆಯಬೇಕು, ಅದಕ್ಕೆ ಒಬ್ಬರು ಪಕ್ಕದಲ್ಲಿರಲಿ. ಕಣ್ಣು ಕತ್ತಲಿಟ್ಟರೆ ಅಲ್ಲಿಗೇ ನಿಲ್ಲಿಸಿ ಮಲಗಿಸಬೇಕು. ಯಂತ್ರದ ಪಟ್ಟಿ ಎದೆಯ ಮಟ್ಟದಲ್ಲಿರಲಿ, ತೋಳು ಜೋತುಬಿದ್ದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಬೆರಳಿನ ಆಕ್ಸಿಮೀಟರ್ ನಾಡಿಗೆ ಸಾಕು, ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣವಿದ್ದರೆ ತಪ್ಪುತ್ತದೆ.

ನಾಡಿ ಮಲಗಿದ್ದಕ್ಕಿಂತ 30 ಅಥವಾ ಹೆಚ್ಚು ಏರಿ ಹಾಗೆಯೇ ನಿಂತರೆ, ಬಿಪಿ ಬೀಳದಿದ್ದರೆ, ತೊಂದರೆ ಮೂರು ತಿಂಗಳಿಗೂ ಹೆಚ್ಚು ಇದ್ದರೆ ಪಾಟ್ಸ್ ಇರಬಹುದು. 12ರಿಂದ 19 ವರ್ಷದ ಮಕ್ಕಳಲ್ಲಿ ಏರಿಕೆ 40 ಇರಬೇಕು. ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ಬೇರೆ ಕಾಯಿಲೆ, ಬಿಪಿ ಮಾತ್ರೆಯಿಂದಲೂ ಸಕ್ಕರೆ ಕಾಯಿಲೆಯಿಂದಲೂ ಬರುತ್ತದೆ. ಮಲಗಿದ್ದಾಗಲೇ ನಾಡಿ ನೂರು ದಾಟಿದ್ದರೆ ಥೈರಾಯ್ಡ್, ರಕ್ತಹೀನತೆ ಮೊದಲು ನೋಡಬೇಕು. ಇಸಿಜಿ ಎಲ್ಲರಿಗೂ ಒಮ್ಮೆ ಬೇಕು.

ಪಾಟ್ಸ್ ಎಂದಾದರೆ ಮೊದಲ ಮದ್ದು ನೀರು ಮತ್ತು ಉಪ್ಪು. ದಿನಕ್ಕೆ ಎರಡರಿಂದ ಮೂರು ಲೀಟರ್ ದ್ರವ, ಒಟ್ಟು ಉಪ್ಪು ದಿನಕ್ಕೆ ಹತ್ತು ಗ್ರಾಂ ತನಕ, ಅಂದರೆ ಸುಮಾರು ಎರಡು ಟೀ ಚಮಚ, ಅಡುಗೆಯದ್ದೂ ಸೇರಿ. ಉಪ್ಪು ಹಾಕಿದ ಗಂಜಿತಿಳಿ, ನೀರು ಮಜ್ಜಿಗೆ, ಮಿಡಿ ಉಪ್ಪಿನಕಾಯಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಬೇರೆಯವರಿಗೆ ಉಪ್ಪು ಕಡಿಮೆ ಮಾಡಿ ಎಂದು ಹೇಳುವ ಕಾಲದಲ್ಲಿ ಇದು ವಿಚಿತ್ರವೆನಿಸಬಹುದು. ಬಿಪಿ ಹೆಚ್ಚಿದ್ದವರು, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಇದನ್ನು ಖಂಡಿತ ತಾವಾಗಿ ಮಾಡಬಾರದು. ಬೆಳಗ್ಗೆ ಹಾಸಿಗೆ ಬಿಡುವ ಮೊದಲೇ ಎರಡು ಲೋಟ ನೀರು ಕುಡಿದು ಹತ್ತು ನಿಮಿಷ ಬಿಟ್ಟು ಏಳಿ. ತೊಡೆಯ ತನಕ ಅಥವಾ ಹೊಟ್ಟೆಯ ತನಕ ಬರುವ ಬಿಗಿ ಕಾಲುಚೀಲ ಕೆಲಸ ಮಾಡುತ್ತದೆ, ಮೊಣಕಾಲಿನ ತನಕದ್ದು ಸಾಲದು. ತರಗತಿಯಲ್ಲಿ ಕೂತು ಪಾಠ ಮಾಡಿ. ನಿಲ್ಲಲೇಬೇಕಾದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿಯಿರಿ. ಇಷ್ಟರಲ್ಲಿ ಆಗದಿದ್ದರೆ ಪ್ರೊಪ್ರನಾಲಾಲ್ ಅಲ್ಪ ಪ್ರಮಾಣದಲ್ಲಿ ಅಥವಾ ಐವಾಬ್ರಡಿನ್ ವೈದ್ಯರು ಕೊಡುತ್ತಾರೆ. ಉಬ್ಬಸ ಇರುವವರಿಗೆ ಪ್ರೊಪ್ರನಾಲಾಲ್ ಆಗುವುದಿಲ್ಲ.

ಪಾದದ ಜೋಮಿಗೆ ಕೋವಿಡ್ ಅನ್ನು ಕೊನೆಗೆ ದೂರಬೇಕು. ಮೊದಲು ನೋಡಬೇಕಾದದ್ದು ವಿಟಮಿನ್ ಬಿ12, ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡ್‌ನ ಟಿಎಸ್‌ಎಚ್, ಕಿಡ್ನಿಯ ಕ್ರಿಯಾಟಿನಿನ್, ರಕ್ತದ ಪೂರ್ಣ ಎಣಿಕೆ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಬಹಳ. ಸಕ್ಕರೆಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗುವವರಲ್ಲಿ ಇನ್ನೂ ಹೆಚ್ಚು. ಕೊರತೆಯಿದ್ದರೆ ಮರೆವು, ಸುಸ್ತು, ಜೋಮು ಮೂರೂ ಬರುತ್ತವೆ, ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಲಾಂಗ್ ಕೋವಿಡ್ ಎಂದೇ ತೋರುತ್ತದೆ. ಮುಖ್ಯ ಮಾತು: ಪರೀಕ್ಷೆಗೆ ರಕ್ತ ಕೊಟ್ಟ ಮೇಲೆ ಬಿ12 ಇಂಜೆಕ್ಷನ್ ಶುರುಮಾಡಿ. ಮೊದಲೇ ಚುಚ್ಚಿಸಿಕೊಂಡರೆ ವರದಿ ಚೆನ್ನಾಗಿಯೇ ಬರುತ್ತದೆ, ನಿಜ ಗೊತ್ತಾಗುವುದಿಲ್ಲ.

ನಿಮ್ಮ ನರದ ಮಾತ್ರೆಯ ಹಾಳೆ ತಿರುಗಿಸಿ ಪೈರಿಡಾಕ್ಸಿನ್ ಎಷ್ಟು ಮಿಲಿಗ್ರಾಂ ಎಂದು ಓದಿ. ಅದು ಬಿ6. ದಿನಕ್ಕೆ ಒಂದೂವರೆ ಎರಡು ಮಿಲಿಗ್ರಾಂ ಸಾಕಾಗುವ ಈ ವಿಟಮಿನ್ 50, 100 ಮಿಲಿಗ್ರಾಂ ಲೆಕ್ಕದಲ್ಲಿ ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ಸ್ಪರ್ಶದ ನರಗಳನ್ನೇ ಹಾಳುಮಾಡಿ ಪಾದದಲ್ಲಿ ಜೋಮು ತರುತ್ತದೆ. ಜೋಮಿಗೆಂದು ತಿಂದ ಮಾತ್ರೆಯೇ ಜೋಮು ಹೆಚ್ಚಿಸಿ, ಅದಕ್ಕೆ ಇನ್ನೊಂದು ಮಾತ್ರೆ ಸೇರಿಸುವುದು ತುಂಬ ನಡೆಯುತ್ತದೆ. ವೈದ್ಯರು ಟಿಬಿ ಮದ್ದಿನ ಜೊತೆ ಬಿ6 ಬರೆದುಕೊಟ್ಟಿದ್ದರೆ ಮಾತ್ರ ಅದು ಬೇರೆ, ನಿಲ್ಲಿಸಬಾರದು. ರಕ್ತಪರೀಕ್ಷೆಗಳೆಲ್ಲ ಸರಿಯಿದ್ದೂ ಪಾದ ಉರಿಯುತ್ತಿದ್ದರೆ ಕೋವಿಡ್ ನಂತರದ ಸೂಕ್ಷ್ಮನರಗಳ ತೊಂದರೆ ಇರಬಹುದು. ನರದ ವೇಗ ಅಳೆಯುವ ಎನ್‌ಸಿಎಸ್ ಪರೀಕ್ಷೆ ದಪ್ಪ ನರಗಳನ್ನು ಮಾತ್ರ ಅಳೆಯುವುದರಿಂದ ಇದರಲ್ಲಿ ನಾರ್ಮಲ್ ಬರುತ್ತದೆ.

ಇಷ್ಟು ನಿಮ್ಮದು. ಈ ಉತ್ತರ ಓದುವ ಬೇರೆ ಮನೆಗಳಿಗೂ ಅಗತ್ಯವಾದ, ಕಾಯಬಾರದ ಸಂಗತಿಗಳು ಕೆಲವಿವೆ.

ಸೋಂಕಿನ ನಂತರ ಒಂದರಿಂದ ನಾಲ್ಕು ವಾರದೊಳಗೆ ಎರಡೂ ಕಾಲುಗಳಲ್ಲಿ ಬಲ ಕುಗ್ಗುತ್ತಾ ದಿನದಿಂದ ದಿನಕ್ಕೆ ಮೇಲೇರಿದರೆ, ಮೆಟ್ಟಿಲು ಹತ್ತಲಾಗದೆ, ಕೂತಲ್ಲಿಂದ ಏಳಲಾಗದೆ ಹೋದರೆ ಅದು ಗಿಲ್ಲನ್ ಬಾರಿ ಸಿಂಡ್ರೋಮ್ ಆಗಿರಬಹುದು. ವೈರಸ್ ವಿರುದ್ಧ ಎದ್ದ ರೋಗನಿರೋಧಕ ವ್ಯವಸ್ಥೆ ತಪ್ಪಿ ನಮ್ಮದೇ ನರಗಳ ಮೇಲೆ ಬೀಳುವುದು ಇದು. ಅಪಾಯವಿರುವುದು ಉಸಿರಾಟದ ಸ್ನಾಯುಗಳಿಗೆ. ರೋಗಿ ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲಿ. ಇಪ್ಪತ್ತರ ತನಕ ಹೋಗಲಾಗದಿದ್ದರೆ, ನೀರು ನುಂಗುವಾಗ ಕೆಮ್ಮು ಬಂದರೆ, ದಿಂಬಿನಿಂದ ತಲೆ ಎತ್ತಲಾಗದಿದ್ದರೆ ವೆಂಟಿಲೇಟರ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಆಕ್ಸಿಮೀಟರ್ 98 ತೋರಿಸುತ್ತಿದೆ ಎಂದು ನಂಬಿ ಕೂರಬೇಡಿ, ಇದರಲ್ಲಿ ಆಮ್ಲಜನಕ ಇಳಿಯುವುದು ಕಟ್ಟಕಡೆಗೆ. ಚಿಕಿತ್ಸೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುವುದು) ಅಥವಾ ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಾವಣೆ. ಐವಿಐಜಿ ದೇಹತೂಕದ ಕಿಲೋಗೆ ದಿನಕ್ಕೆ 0.4 ಗ್ರಾಂನಂತೆ ಐದು ದಿನ, 60 ಕಿಲೋದವರಿಗೆ ಒಟ್ಟು 120 ಗ್ರಾಂ, ಐದು ಗ್ರಾಂನ 24 ಬಾಟಲಿ. ದುಬಾರಿ. ಹಾಗಾಗಿ ಕೇರಳದ ಆರೋಗ್ಯ ವಿಮೆಯಾದ ಕಾರುಣ್ಯದ ಕಾರ್ಡು ನೀವು ಹೋಗುವ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ, ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಕೇಳುವುದಲ್ಲ. ಸ್ಟೀರಾಯ್ಡ್‌ನಿಂದ ಈ ಕಾಯಿಲೆಗೆ ಪ್ರಯೋಜನವಿಲ್ಲ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು ಪಾರ್ಶ್ವವಾಯು. ಸೋಂಕು ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುವುದರಿಂದ 50 ದಾಟದವರಿಗೂ ಇದು ಬಂದಿದೆ. 2020ರ ವಸಂತದಲ್ಲಿ ನ್ಯೂಯಾರ್ಕಿನ ಒಂದೇ ಆಸ್ಪತ್ರೆ ಸಮೂಹ ಎರಡು ವಾರದಲ್ಲಿ ಅಂಥ ಐವರನ್ನು ಕಂಡಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯೇ ಅವಧಿ. ‘ಕೊನೆಯ ಸಲ ಸರಿಯಿದ್ದದ್ದು ಎಷ್ಟು ಗಂಟೆಗೆ’ ಎಂಬುದನ್ನು ಬರೆದಿಟ್ಟು 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಮತ್ತು ಆ ಇಂಜೆಕ್ಷನ್ ಎರಡೂ ಇರುವ ಆಸ್ಪತ್ರೆ ಯಾವುದೆಂದು ಕೇಳಿ ಹೊರಡಿ. ಸ್ಕ್ಯಾನಿಗೆ ಮೊದಲು ಆಸ್ಪಿರಿನ್ ಕೊಡಬೇಡಿ, ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅದರಿಂದ ಅಪಾಯ ಹೆಚ್ಚಬಹುದು.

ಜ್ವರ, ತೀವ್ರ ತಲೆನೋವು, ಗೊಂದಲ, ಫಿಟ್ಸ್ ಜೊತೆಯಾಗಿ ಬಂದರೆ ಕೋವಿಡ್ ಎಂದು ಊಹಿಸಿ ಕೂರುವಂತಿಲ್ಲ. ನಮ್ಮ ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ ಇವೆ. ಕೇರಳದಲ್ಲಿ 2024, 2025ರಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರದ ಪ್ರಕರಣಗಳು ವರದಿಯಾಗಿವೆ. ಆ ಕಾಯಿಲೆಯ ಆರಂಭದಲ್ಲೂ ವಾಸನೆ, ರುಚಿ ಬದಲಾಗಬಹುದು, ಏಕೆಂದರೆ ಆ ಅಮೀಬಾ ನಿಜವಾಗಿಯೂ ಮೂಗಿನ ನರ ಹಿಡಿದೇ ಏರುವಂಥದ್ದು. ಇತ್ತೀಚೆಗೆ ಕೆರೆ, ಪಳ್ಳದಲ್ಲಿ ಮುಳುಗಿ ಸ್ನಾನ ಮಾಡಿದ್ದರೆ ವೈದ್ಯರು ಕೇಳುವ ಮೊದಲೇ ಅವರಿಗೆ ಹೇಳಿ.

ಲಘು ಕೋವಿಡ್‌ಗೆ ಸ್ಟೀರಾಯ್ಡ್ ನುಂಗುವ ಚಟ ಇನ್ನೂ ಹೋಗಿಲ್ಲ. ಡೆಕ್ಸಾಮೆಥಸೋನ್ 6 ಮಿಲಿಗ್ರಾಂ ಹತ್ತು ದಿನ ಎಂಬುದು ಆಕ್ಸಿಜನ್ ಬೇಕಾದವರಿಗೆ ಜೀವ ಉಳಿಸಿದ ಮದ್ದು, ಬೇಡದವರಿಗೆ ಅದರಿಂದ ಲಾಭವಿಲ್ಲ. ಸಕ್ಕರೆ ಏರಿದವರು ಹಾಗೆ ನುಂಗಿದ್ದು 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಏರಲು ದೊಡ್ಡ ಕಾರಣವಾಯಿತು.

ಲಸಿಕೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಜೋಮು ಎಂದೊಡನೆ ಅದರತ್ತ ಬೆರಳು ತೋರಿಸುವವರಿದ್ದಾರೆ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಗಿಲ್ಲನ್ ಬಾರಿ ಅಪರೂಪಕ್ಕೆ ಬರುವುದು ನಿಜ. ಇಂಗ್ಲೆಂಡಿನ ಲೆಕ್ಕದಲ್ಲಿ ಅದು ಒಂದು ಕೋಟಿಗೆ 38 ಹೆಚ್ಚುವರಿ ಪ್ರಕರಣ, ಸೋಂಕಿನಿಂದ 145.

ನಿಮ್ಮ ಕಡೆಯ ಕೆಲವರಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂಶಯವೂ ಇರುತ್ತದೆ. ಎಣ್ಮಕಜೆ, ಮುಳಿಯಾರು ಕಡೆಯ ಮನೆಗಳು ಗೇರುತೋಟದ ಸಿಂಪಡಣೆಯಿಂದ ಅನುಭವಿಸಿದ್ದನ್ನು ನೋಡಿದ ಯಾರಿಗೂ ಅದು ಸಹಜ. ಆದರೆ ಆ ವಿಷ ಕೆಲಸ ಮಾಡುವ ಬಗೆ ಬೇರೆ. ಅದು ಮಿದುಳನ್ನು ಶಾಂತವಾಗಿಡುವ ಗಾಬಾ ಗ್ರಾಹಕವನ್ನು ತಡೆಯುತ್ತದೆ, ಮೈಗೆ ಸೇರಿದಾಗಿನ ಮುಖ್ಯ ಲಕ್ಷಣ ಫಿಟ್ಸ್. ವಿಮಾನದಿಂದ ಸಿಂಪಡಿಸುವುದು 2000ದ ಕೊನೆಗೆ ನಿಂತಿದೆ. ನಾಲ್ಕು ತಿಂಗಳ ಹಿಂದೆ, ಒಂದು ಜ್ವರದ ಬೆನ್ನಿಗೆ ಶುರುವಾದ ವಾಸನೆಯ ತಿರುಚುವಿಕೆಗೆ ಅದು ಕಾರಣವಲ್ಲ.

ಶಾಲೆಯ ಕೆಲಸದ ವಿಷಯ. ಒಂದು ದಿನ ಹೆಚ್ಚು ದುಡಿದರೆ ಮರುದಿನ ಅಥವಾ ಮೂರನೇ ದಿನ ಪೂರ್ತಿ ನೆಲಕಚ್ಚಿದ ಹಾಗಾಗುತ್ತದೆಯೇ, ಗಮನಿಸಿ. ಹಾಗಿದ್ದರೆ ‘ವ್ಯಾಯಾಮ ಹೆಚ್ಚಿಸಿ, ಸರಿಹೋಗುತ್ತದೆ’ ಎಂಬ ಸಲಹೆ ನಿಮಗೆ ಹಾನಿ. ದಣಿವಾಗುವ ಮೊದಲೇ ನಿಲ್ಲಿಸಬೇಕು. ಸತತ ಎರಡು ಪಿರಿಯಡ್ ಬೇಡ, ನಡುವೆ ಹದಿನೈದು ನಿಮಿಷ ಕಾಲು ಎತ್ತರಕ್ಕಿಟ್ಟು ಮಲಗಲು ಅನುಕೂಲ ಮಾಡಿಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿ, ವೈದ್ಯರಿಂದ ಚೀಟಿ ಬರೆಸಿ. ಹಾಗೆ ಕುಸಿಯದಿದ್ದರೆ ಮಲಗಿ ಅಥವಾ ಕೂತು ಮಾಡುವ ವ್ಯಾಯಾಮ ದಿನಕ್ಕೆ ಐದು ನಿಮಿಷದಿಂದ ಶುರುಮಾಡಿ, ವಾರಕ್ಕೆ ಒಂದೆರಡು ನಿಮಿಷ ಏರಿಸಿ.

ಮೊದಲು ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಮೇಲಿನ ರಕ್ತಪರೀಕ್ಷೆ, ಇಸಿಜಿ ಆಗಲಿ. ಅಲ್ಲಿ ಆಗದ್ದನ್ನು ಕಾಸರಗೋಡು ಜನರಲ್ ಆಸ್ಪತ್ರೆಯಲ್ಲಿ ಮಾಡಿಸಬಹುದು. ನರತಜ್ಞರ ಬಳಿಗೆ ಹೋಗಬೇಕಾದದ್ದು ಜೋಮು ಮೊಣಕಾಲು ದಾಟಿದರೆ, ಬಲ ಕುಗ್ಗಿದರೆ, ನಡೆಯುವಾಗ ತೂರಾಡಿದರೆ, ಒಂದೇ ಕಡೆಯ ಕೈಕಾಲಿಗೆ ತೊಂದರೆ ಬಂದರೆ, ಹೊಸ ಬಗೆಯ ತಲೆನೋವು ಅಥವಾ ಫಿಟ್ಸ್ ಕಂಡರೆ, ಮರೆವು ಆರು ತಿಂಗಳಲ್ಲೂ ಹೆಚ್ಚುತ್ತಲೇ ಹೋದರೆ. ಎಂಆರ್‌ಐ ಬೇಕಾಗುವುದೂ ಆಗಲೇ. ಹೋಗುವಾಗ ಒಂದು ಹಾಳೆ ಜೊತೆಗಿರಲಿ: ಜ್ವರ ಶುರುವಾದ ದಿನ, ಒಂದೊಂದು ತೊಂದರೆ ಕಾಣಿಸಿಕೊಂಡ ದಿನ, ನಿಂತು ಅಳೆದ ಹತ್ತು ನಿಮಿಷದ ನಾಡಿ ಮತ್ತು ಬಿಪಿ, ನುಂಗಿದ ಎಲ್ಲ ಮಾತ್ರೆ ಕಷಾಯಗಳ ಹೆಸರು. ಔಷಧದಂಗಡಿಯ ಆ ಮಾತ್ರೆಯ ಖಾಲಿ ಹಾಳೆಯನ್ನೂ ಜೊತೆಗೆ ಕೊಂಡುಹೋಗಿ.